ನಮ್ಮ ಹೊಲ, ನಮ್ಮ ಬೆಂಕಿ: ಯಾರು ಕೇಳ್ತಾರ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.)



ಸುಗ್ಗಿ ಮುಗೀತು ಅಂದ್ರೆ ನಮ್ಮ ಹಾವೇರಿ ಕಡೆ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಒಂದು ಫಾರ್ವರ್ಡ್ ತಪ್ಪದೆ ಬರುತ್ತೆ. "ರೈತರೇ ಎಚ್ಚರ, ಹೊಲದಲ್ಲಿ ರವದಿ ಸುಟ್ಟರೆ 30 ಸಾವಿರ ರೂಪಾಯಿ ದಂಡ." ಅದರ ಕೆಳಗೇ ಒಬ್ಬರು ಉತ್ತರ ಹಾಕಿರ್ತಾರೆ: "ನಮ್ಮ ಹೊಲ, ನಮ್ಮ ಬೆಂಕಿ, ಯಾರು ಕೇಳ್ತಾರ?" ಆಮೇಲೆ ಒಂದಷ್ಟು ನಗುವ ಇಮೋಜಿ. ಅಲ್ಲಿಗೆ ಚರ್ಚೆ ಮುಗೀತು.

ಫಾರ್ವರ್ಡ್ ಕಳಿಸಿದವರು ಹೇಳೋದೂ ಪೂರ್ತಿ ಸರಿಯಲ್ಲ, ಉತ್ತರ ಕೊಟ್ಟವರದೂ ಪೂರ್ತಿ ಸರಿಯಲ್ಲ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಈ ಮೂರೂ ಕಡೆ ಬಯಲಲ್ಲಿ ಬೆಂಕಿ ಹಚ್ಚೋದಕ್ಕೆ ಕಾಯ್ದೆ ಏನು ಹೇಳುತ್ತೆ ಅನ್ನೋದನ್ನ ಇವತ್ತು ಬಿಡಿಸಿ ಹೇಳ್ತೀನಿ. ಓಣಿಯ ಕಸ, ಹೊಲದ ರವದಿ, ಹೋಳಿ ಬೆಂಕಿ, ಅಡವಿ ಅಂಚಿನ ಬೆಂಕಿ, ಎಲ್ಲಾ ಬರುತ್ತೆ.

ಅದಕ್ಕೂ ಮೊದಲು ಒಂದು ತಪ್ಪೊಪ್ಪಿಗೆ. ಈ ವಿಷಯ ನಾನು ಯಾಕೆ ಆರಿಸಿಕೊಂಡೆ ಅಂತ ಗೊತ್ತಾಗಬೇಕಲ್ಲ.

ಒಡ್ಡು ದಾಟಿದ ಬೆಂಕಿ

2021ರ ಮಾರ್ಚ್. ನಾನು ಡಿಗ್ರಿ ಓದ್ತಿದ್ದೆ. ಗೋವಿನಜೋಳ ತೆಗೆದ ಹೊಲದಲ್ಲಿ ದಂಟು, ರವದಿ ಹಂಗೇ ಬಿದ್ದಿತ್ತು. ಮುಂದಿನ ಬಿತ್ತನೆಗೆ ಹೊಲ ಹಸನು ಮಾಡಬೇಕು. ಅಪ್ಪ ಸಂತೆಗೆ ಹೋಗಿದ್ದರು. ಬರೋದ್ರೊಳಗ ಕೆಲಸ ಮುಗಿಸಿ ಶಭಾಷ್ ಅನಿಸಿಕೊಳ್ಳೋಣ ಅಂತ ನಾನು ಬೆಂಕಿಪೊಟ್ಟಣ ಹಿಡಿದು ಹೋದೆ. ಮಧ್ಯಾಹ್ನ ಹನ್ನೆರಡೂವರೆ ಇರಬಹುದು.

ಪಕ್ಕದ ಹೊಲದ ಕಾಕಾ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿ ಕೂತಿದ್ರು. ರಕ್ತಸಂಬಂಧ ಏನಿಲ್ಲ, ಆದರೆ ಹುಟ್ಟಿದಾಗಿನಿಂದ ಕಾಕಾ ಅಂತಾನೇ ಕರೆದದ್ದು. ನನ್ನ ನೋಡಿ ಅಂದ್ರು: "ತಮ್ಮಾ, ಗಾಳಿ ಭಾಳ ಐತಿ. ಸಂಜಿ ತನಕ ತಡಿ."

ನಾನು ತಡೀಲಿಲ್ಲ. "ಏನ್ ಆಗಂಗಿಲ್ಲ ಬಿಡ್ರಿ ಕಾಕಾ" ಅಂದೆ.

ಹತ್ತು ನಿಮಿಷದಲ್ಲಿ ಬೆಂಕಿ ಒಡ್ಡಿನ ಒಣ ಹುಲ್ಲು ಹಿಡೀತು. ಇನ್ನೈದು ನಿಮಿಷಕ್ಕೆ ಒಡ್ಡು ದಾಟ್ತು. ಆ ಕಡೆ ಕಾಕಾನ ಬಣವೆ ಇತ್ತು. ಹಿಂಗಾರಿ ಜೋಳದ ಕಣಿಕೆ, ಆ ವಾರಾನೇ ಒಟ್ಟಿದ್ದು. ಎರಡು ಎತ್ತು, ಒಂದು ಎಮ್ಮೆಗೆ ವರ್ಷದ ಮೇವು. ಇಬ್ಬರೂ ಬೇವಿನ ಟೊಂಗೆ ಮುರಿದುಕೊಂಡು ಬಡಿದ್ವಿ. ಬಣವೆಗೆ ಬೆಂಕಿ ಬಿದ್ದ ಮೇಲೆ ಟೊಂಗೆಯಿಂದ ಬಡಿದ್ರೆ ಆರುತ್ತಾ? ನಿಂತು ನೋಡೋದಷ್ಟೇ ಉಳೀತು. ಕಾಕಾ ನನಗೆ ಬೈಯಲಿಲ್ಲ. "ಎತ್ತಿಗೆ ಏನ್ ಹೇಳ್ಲಿ?" ಅಂದ್ರು, ಅಷ್ಟೇ.

ರಾತ್ರಿ ಊರ ಹಿರಿಯರು ಕೂತು ಮಾತಾಡಿದ್ರು. ಅಪ್ಪ ಎರಡು ಟ್ರ್ಯಾಕ್ಟರ್ ಕಣಿಕೆ ಕೊಡಿಸಿದ್ರು, ಮೇಲೊಂದಿಷ್ಟು ರೊಕ್ಕ ಕೊಟ್ರು. ಪೊಲೀಸ್ ಸ್ಟೇಷನ್ ತನಕ ಹೋಗಲಿಲ್ಲ. ಹೋಗಿದ್ದರೆ ಏನಾಗ್ತಿತ್ತು ಅನ್ನೋದು ಆಗ ನನಗೆ ಗೊತ್ತಿರಲಿಲ್ಲ. ಅದನ್ನ ಈ ಸಂಚಿಕೆಯ ಕೊನೆ ಹತ್ತಿರ ಹೇಳ್ತೀನಿ.

ನಾನು ಕಾಯ್ದೆಗಳನ್ನ ಓದಿದಾಗ ಅರ್ಥ ಆಗಿದ್ದು ಇಷ್ಟು. "ಇದು ಯಾರ ಜಾಗ?" ಅಂತ ಕಾಯ್ದೆ ಮೊದಲು ಕೇಳೋದಿಲ್ಲ. ಅದು ಕೇಳೋದು ಮೂರು ಪ್ರಶ್ನೆ. ಏನು ಸುಡ್ತೀರಿ? ಎಲ್ಲಿ ಸುಡ್ತೀರಿ? ಬೆಂಕಿ ಕೈ ಮೀರಿದ್ರೆ ಯಾರಿಗೆ ಅಪಾಯ? ಈ ಮೂರಕ್ಕೆ ಬೇರೆ ಬೇರೆ ಕಾಯ್ದೆ ಇವೆ. ಒಂದೊಂದಾಗಿ ನೋಡೋಣ.

ಹಾವೇರಿ: ಓಣಿಯ ಮೂಲೆಯ ಕಸ

ಊರಿಂದ ಶುರು ಮಾಡೋಣ. ಹಾವೇರಿ, ರಾಣೆಬೆನ್ನೂರಿನಲ್ಲಿ ನಗರಸಭೆ ಇದೆ, ಬ್ಯಾಡಗಿಯಲ್ಲಿ ಪುರಸಭೆ. ಮೂರೂ ಕಡೆ ಮುಂಜಾನೆ ವಾಕಿಂಗ್ ಹೋದ್ರೆ ಎಲ್ಲೋ ಒಂದು ಮೂಲೆಯಲ್ಲಿ ಹೊಗೆ ಕಾಣುತ್ತೆ. ಒಣ ಎಲೆ, ಕಾಗದ, ಪ್ಲಾಸ್ಟಿಕ್ ಚೀಲ, ಹಾಲಿನ ಪ್ಯಾಕೆಟ್ ಎಲ್ಲಾ ಗುಡ್ಡೆ ಮಾಡಿ ಕಡ್ಡಿ ಗೀರಿರ್ತಾರೆ. ಸುಟ್ಟವರ ಲೆಕ್ಕದಲ್ಲಿ ಅದು ಸ್ವಚ್ಛತೆ.

ಕಾಯ್ದೆ ಪ್ರಕಾರ ಅದು ತಪ್ಪು. ಘನತ್ಯಾಜ್ಯ ನಿರ್ವಹಣಾ ನಿಯಮಗಳು ಇದನ್ನ ನೇರವಾಗಿ ಹೇಳಿವೆ: ಕಸ ಉತ್ಪಾದಿಸುವ ಯಾರೂ ಅದನ್ನು ಬೀದಿಯಲ್ಲಿ, ತಮ್ಮ ಆವರಣದ ಹೊರಗಿನ ಸಾರ್ವಜನಿಕ ಜಾಗದಲ್ಲಿ, ಚರಂಡಿಯಲ್ಲಿ, ಕೆರೆ-ಹಳ್ಳದಲ್ಲಿ ಎಸೆಯುವಂತಿಲ್ಲ, ಸುಡುವಂತಿಲ್ಲ, ಹೂಳುವಂತಿಲ್ಲ. ಗಮನಿಸಿ, ಎಸೆಯೋದು, ಸುಡೋದು, ಹೂಳೋದು ಮೂರೂ ಒಂದೇ ಸಾಲಿನಲ್ಲಿವೆ. ರಸ್ತೆ ಗುಡಿಸಿದ ಮರದ ಎಲೆಗಳನ್ನು ಸುಡದೆ ಬೇರೆ ಇಟ್ಟು ಕಸದ ಗಾಡಿಗೆ ಕೊಡುವಂತೆ ಗುಡಿಸುವವರಿಗೆ ಸ್ಥಳೀಯ ಸಂಸ್ಥೆಗಳು ಸೂಚನೆ ಕೊಡಬೇಕು ಅಂತಲೂ ಅದರಲ್ಲೇ ಇದೆ. ಅಂದ್ರೆ ನಿಯಮ ಮನೆಯವರಿಗೂ ಇದೆ, ಊರು ನಡೆಸುವವರಿಗೂ ಇದೆ.

"ಸರಿ, ರಸ್ತೆ ಮೇಲೆ ಬ್ಯಾಡ, ನಮ್ಮ ಹಿತ್ತಲದಾಗ ಸುಟ್ರ?" ಅಂತ ಕೇಳ್ತೀರಿ. ಅದಕ್ಕೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಅಂದ್ರೆ ಎನ್‌ಜಿಟಿ, 2016ರ ಡಿಸೆಂಬರ್ 22ರಂದು ಕೊಟ್ಟ ಆದೇಶ ನೋಡಬೇಕು. ಅಲ್ಮಿತ್ರಾ ಪಟೇಲ್ ಅವರು ಕೇಂದ್ರ ಸರ್ಕಾರದ ವಿರುದ್ಧ ಹೂಡಿದ್ದ ಪ್ರಕರಣ ಅದು. ನೆಲದ ಮೇಲೆ ಬಯಲಲ್ಲಿ ಕಸ ಸುಡೋದನ್ನ ಇಡೀ ದೇಶದಲ್ಲಿ ಪೂರ್ತಿ ನಿಷೇಧಿಸಲಾಯಿತು. ಕಸ ಸುರಿಯೋ ಯಾರ್ಡುಗಳನ್ನೂ ಬಿಡಲಿಲ್ಲ. ಸಾಧಾರಣ ಪ್ರಮಾಣದಲ್ಲಿ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ಪರಿಸರ ಪರಿಹಾರ ಕಟ್ಟಬೇಕು ಅಂತ ಆದೇಶ ಹೇಳುತ್ತೆ. ಹಾಗಾಗಿ ಕಸದ ವಿಷಯದಲ್ಲಿ "ನಮ್ಮ ಹಿತ್ತಲ" ಅನ್ನೋದು ಉತ್ತರ ಆಗೋದಿಲ್ಲ.

ಯಾಕೆ ಇಷ್ಟು ಕಟ್ಟುನಿಟ್ಟು? ಬಯಲು ಬೆಂಕಿಯಲ್ಲಿ ಕಸ ಪೂರ್ತಿ ಉರಿಯೋದಿಲ್ಲ. ಬಿಸಿ ಸಾಲದು, ಗಾಳಿ ಒಳಗೆ ಹೋಗೋದಿಲ್ಲ, ಕುಮುರುತ್ತೆ. ಆವಾಗ ಬರೋ ಹೊಗೆಯಲ್ಲಿ ಅತಿ ಸೂಕ್ಷ್ಮ ಕಣ ಇರ್ತವೆ, ಅವು ಸೀದಾ ಶ್ವಾಸಕೋಶದ ಒಳಕ್ಕೆ ಇಳಿಯುತ್ತವೆ. ಪಿವಿಸಿಯಂಥ ಕ್ಲೋರಿನ್ ಇರೋ ಪ್ಲಾಸ್ಟಿಕ್ ಹೀಗೆ ಸುಟ್ಟರೆ ಡಯಾಕ್ಸಿನ್ ಅನ್ನೋ ವಿಷ ಹುಟ್ಟುತ್ತೆ. ಹಳೆ ಪೈಪು, ವೈರಿನ ಹೊದಿಕೆ ಎಲ್ಲಾ ಈ ಜಾತಿ. ಈ ಹೊಗೆ ಮೊದಲು ತಟ್ಟೋದು ಸುಟ್ಟವರಿಗೇ, ಆಮೇಲೆ ಪಕ್ಕದ ಮನೆಯ ಆಸ್ತಮಾ ಇರೋ ಅಜ್ಜಿಗೆ, ತೊಟ್ಟಿಲ ಕೂಸಿಗೆ.

ಕಸದ ಗಾಡಿ ನಾಲ್ಕು ದಿನ ಬರದಿದ್ರೆ ಏನ್ ಮಾಡೋದು? ನ್ಯಾಯವಾದ ಪ್ರಶ್ನೆ. ಒಣ ಎಲೆಯನ್ನ ಹಿತ್ತಲ ಮೂಲೆಯಲ್ಲಿ ತಗ್ಗು ತೆಗೆದು ಹಾಕಿ, ಮೇಲೆ ಒಂದಿಷ್ಟು ಮಣ್ಣು, ಸಗಣಿ ನೀರು. ಕೆಲವು ತಿಂಗಳಲ್ಲಿ ಗೊಬ್ಬರ ಆಗುತ್ತೆ. ಪ್ಲಾಸ್ಟಿಕ್ ಕೊಳೆಯೋದಿಲ್ಲ, ವಾಸನೆ ಬರೋದಿಲ್ಲ. ಚೀಲದಲ್ಲಿ ಕಟ್ಟಿ ಇಟ್ಟರೆ ಗಾಡಿ ಬರೋತನಕ ಇರುತ್ತೆ. ಗಾಡಿ ಬರ್ತಾನೇ ಇಲ್ಲ ಅಂದ್ರೆ ಫೋಟೊ, ತಾರೀಖು ಹಾಕಿ ನಗರಸಭೆ ಅಥವಾ ಪುರಸಭೆಯ ಆರೋಗ್ಯ ಶಾಖೆಗೆ ಲಿಖಿತ ದೂರು ಕೊಡಿ, ಸ್ವೀಕೃತಿ ತಗೊಳ್ಳಿ. ಹಳ್ಳಿಯಲ್ಲಾದ್ರೆ ಪಂಚಾಯಿತಿ ಪಿಡಿಒಗೆ. ಕಸ ಒಯ್ಯೋದು ಅವರ ಕರ್ತವ್ಯ, ಉಪಕಾರ ಅಲ್ಲ.

ಹೊಲದ ರವದಿ: 30 ಸಾವಿರದ ಕಥೆ

ಈಗ ಆ ಫಾರ್ವರ್ಡ್‌ಗೆ ಬರೋಣ. 30 ಸಾವಿರ ಅನ್ನೋ ಅಂಕಿ ಸುಳ್ಳಲ್ಲ. ಆದರೆ ಅದು ನಮ್ಮ ಊರಿನದ್ದಲ್ಲ.

ದಿಲ್ಲಿ ಸುತ್ತಮುತ್ತ ಚಳಿಗಾಲದಲ್ಲಿ ಹೊಗೆ ಕವಿಯೋದು ನಿಮಗೆ ಗೊತ್ತು. ಅದಕ್ಕೆ ಒಂದು ಕಾರಣ ಪಂಜಾಬ್, ಹರಿಯಾಣ ಕಡೆ ಭತ್ತದ ಕೂಳೆ ಸುಡೋದು. ಆ ಪ್ರದೇಶಕ್ಕಂತಲೇ 2021ರಲ್ಲಿ ಸಂಸತ್ತು ಕಾಯ್ದೆ ಮಾಡಿ ವಾಯು ಗುಣಮಟ್ಟ ನಿರ್ವಹಣಾ ಆಯೋಗ ರಚಿಸ್ತು. 2024ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಅಲ್ಲಿನ ದಂಡವನ್ನ ಎರಡು ಪಟ್ಟು ಮಾಡ್ತು: 2 ಎಕರೆಗಿಂತ ಕಡಿಮೆ ಇದ್ದವರಿಗೆ 5,000, 2ರಿಂದ 5 ಎಕರೆಗೆ 10,000, 5 ಎಕರೆ ಮೇಲೆ 30,000. ಇದು ದಿಲ್ಲಿ ರಾಜಧಾನಿ ಪ್ರದೇಶಕ್ಕೆ, ಮತ್ತೆ ಪಂಜಾಬ್, ಹರಿಯಾಣ, ರಾಜಸ್ಥಾನ, ಉತ್ತರ ಪ್ರದೇಶದ ಅಕ್ಕಪಕ್ಕದ ಭಾಗಕ್ಕೆ. ಹಾವೇರಿ ಜಿಲ್ಲೆಯ ರೈತನಿಗೆ ಈ ಪಟ್ಟಿ ಅನ್ವಯ ಆಗೋದಿಲ್ಲ.

ಹಂಗಂದ್ರೆ ಇಲ್ಲಿ ಸುಡೋಕೆ ಪರವಾನಿಗೆ ಸಿಕ್ತು ಅಂತ ಅಲ್ಲ. 1981ರ ವಾಯುಮಾಲಿನ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ರಾಜ್ಯ ಸರ್ಕಾರ ಮಾಲಿನ್ಯ ನಿಯಂತ್ರಣ ಮಂಡಳಿ ಜೊತೆ ಸಮಾಲೋಚಿಸಿ, ವಾಯುಮಾಲಿನ್ಯ ನಿಯಂತ್ರಣ ಪ್ರದೇಶದಲ್ಲಿ ಇಂಧನ ಬಿಟ್ಟು ಬೇರೆ ಏನನ್ನೇ ಸುಡೋದನ್ನೂ ನಿಷೇಧಿಸಬಹುದು. "ಇಂಧನ ಬಿಟ್ಟು" ಅನ್ನೋ ಮಾತು ಮುಖ್ಯ. ಅವ್ವ ಒಲೆಗೆ ಹಾಕೋ ಕಟ್ಟಿಗೆ, ಕುಳ್ಳು ಇದರಲ್ಲಿ ಬರೋದಿಲ್ಲ. ಇನ್ನೊಂದು ಕಡೆ, ಹೊಲದ ಬೆಂಕಿ ಮನುಷ್ಯರ ಜೀವಕ್ಕೆ ಅಪಾಯ ತಂದ್ರೆ ಕ್ರಿಮಿನಲ್ ಕಾಯ್ದೆ ಬರುತ್ತೆ. ಅದಕ್ಕೆ ಆಮೇಲೆ ಬರ್ತೀನಿ.

ಕಾಯ್ದೆ ಬದಿಗಿಡಿ. ರೊಕ್ಕದ ಲೆಕ್ಕ ನೋಡೋಣ. ಒಂದು ಟನ್ ಭತ್ತದ ಹುಲ್ಲು ಸುಟ್ಟರೆ ಸುಮಾರು 5.5 ಕಿಲೊ ಸಾರಜನಕ, 2.3 ಕಿಲೊ ರಂಜಕ, 25 ಕಿಲೊ ಪೊಟ್ಯಾಶಿಯಂ, 1.2 ಕಿಲೊ ಗಂಧಕ ಕಳೆದುಕೊಳ್ತೀವಿ ಅಂತ ಕೃಷಿ ವಿಜ್ಞಾನಿಗಳ ಲೆಕ್ಕ. ಗೋವಿನಜೋಳಕ್ಕೆ ಅಂಕಿ ಬೇರೆ ಆದರೂ ಕಥೆ ಅದೇ. ರವದಿ ಸುಟ್ಟು, ಆಮೇಲೆ ಅಂಗಡಿಗೆ ಹೋಗಿ ಗೊಬ್ಬರದ ಚೀಲ ತರ್ತೀವಿ.

"ಸುಟ್ರ ಹುಳ ಸಾಯ್ತಾವ" ಅಂತ ನಮ್ಮ ಅಪ್ಪಾನೂ ಅಂತಿದ್ರು. 2018ರಲ್ಲಿ ಕರ್ನಾಟಕದಲ್ಲಿ ಮೊದಲು ಕಾಣಿಸಿಕೊಂಡ ಗೋವಿನಜೋಳದ ಆ ಸೈನಿಕ ಹುಳು ಗೊತ್ತಲ್ಲ, ಸುಳಿಯೊಳಗೆ ಕೂತು ತಿಂದು ಲದ್ದಿ ಹಾಕೋದು? ಅದು ಕೋಶ ಆಗೋದು ಮಣ್ಣಿನ ಒಳಗೆ, ಎರಡರಿಂದ ಎಂಟು ಸೆಂಟಿಮೀಟರ್ ಆಳದಲ್ಲಿ. ಮೇಲಿನ ರವದಿ ಬೆಂಕಿ ಬರ್ರಂತ ಹಾದು ಹೋಗುತ್ತೆ, ಅಷ್ಟು ಆಳಕ್ಕೆ ಬಿಸಿ ಇಳಿಯೋದಿಲ್ಲ. ಅದಕ್ಕೇ ಬೇಸಿಗೆಯಲ್ಲಿ ಆಳವಾಗಿ ನೇಗಿಲು ಹೊಡೀರಿ ಅಂತ ಹೇಳೋದು. ಕೋಶ ಮೇಲೆ ಬಂದು ಬಿಸಿಲಿಗೆ ಒಣಗುತ್ತೆ, ಹಕ್ಕಿ ತಿಂತಾವೆ.

ಹತ್ತಿ ಕಟ್ಟಿಗೆ ಮಾತ್ರ ಬೇರೆ. ಗುಲಾಬಿ ಕಾಯಿಕೊರಕ ಹುಳ ಒಣ ಕಾಯಿಯಲ್ಲಿ ಉಳಿದುಕೊಳ್ಳುತ್ತೆ, ಹಾಗಾಗಿ ಹತ್ತಿ ಕಟ್ಟಿಗೆಯನ್ನ ಹೊಲದಲ್ಲೇ ತಿಂಗಳುಗಟ್ಟಲೆ ಬಿಡಬಾರದು ಅನ್ನೋದು ನಿಜ. ಅದಕ್ಕೂ ದಾರಿ ಇದೆ: ಯಂತ್ರದಿಂದ ಪುಡಿ ಮಾಡಿ ಮಣ್ಣಿಗೆ ಸೇರಿಸೋದು ಅಥವಾ ಕೊಳೆಸೋದು.

ಯಂತ್ರ ಅಂದ ಕೂಡಲೇ ಬರೋ ಮಾತು, "ನಮ್ಮ ಕಡೆ ಎಲ್ಲೈತ್ರಿ ರೊಕ್ಕ?" ಕೊಳ್ಳೋದು ಬೇಡ. ಮಲ್ಚರ್, ರೋಟಾವೇಟರ್ ಬಾಡಿಗೆಗೆ ಸಿಗ್ತವೆ. ಬಾಡಿಗೆ ಯಂತ್ರಕ್ಕಂತಲೇ ರಾಜ್ಯ ಸರ್ಕಾರದ ಕೃಷಿ ಯಂತ್ರಧಾರೆ ಯೋಜನೆ ಇದೆ. ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ರಾಣೆಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ವಿಜ್ಞಾನ ಕೇಂದ್ರ ಇದೆ. ನಿಮ್ಮ ಮಣ್ಣು, ನಿಮ್ಮ ಬೆಳೆಗೆ ಏನು ಮಾಡಬಹುದು ಅಂತ ಅಲ್ಲಿ ಕೇಳಬಹುದು. ಖರ್ಚು ಬರುತ್ತೆ, ಬರೋದಿಲ್ಲ ಅಂತ ನಾನು ಹೇಳೋದಿಲ್ಲ. ಒಂದು ಬೆಂಕಿಕಡ್ಡಿಯಷ್ಟು ಸೋವಿ ಅಂತೂ ಯಾವುದೂ ಇಲ್ಲ. ಅದಕ್ಕೇ ಜನ ಇನ್ನೂ ಸುಡ್ತಾರೆ.

ಬ್ಯಾಡಗಿ: ಒಂದು ಕಿಡಿ ಸಾಕು

ಬ್ಯಾಡಗಿಗೆ ಬರೋಣ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಮೆಣಸಿನಕಾಯಿ. ಖಾರ ಕಡಿಮೆ, ಬಣ್ಣ ಜಾಸ್ತಿ. ಜನವರಿಯಿಂದ ಬೇಸಿಗೆ ತನಕ ಮಾರುಕಟ್ಟೆ ಸುತ್ತ ಎಲ್ಲಿ ನೋಡಿದ್ರೂ ಕೆಂಪು. ಒಣಗಿಸೋ ಕಣ, ತೊಟ್ಟು ಬಿಡಿಸೋ ಹೆಣ್ಣುಮಕ್ಕಳು, ಗೋಣಿಚೀಲದ ರಾಶಿ, ಗೋದಾಮು, ಶೀತಲಗೃಹ.

ಇದನ್ನ ಬೆಂಕಿಯ ಕಣ್ಣಿಂದ ಒಮ್ಮೆ ನೋಡಿ. ಒಣ ಮೆಣಸಿನಕಾಯಿ, ಒಣ ತೊಟ್ಟು, ಗೋಣಿ ದಾರ, ಕಾಗದ, ಮೇಲೆ ಬೇಸಿಗೆಯ ಗಾಳಿ. ಮೆಣಸಿನಕಾಯಿಗೆ ಬೆಂಕಿ ಬಿದ್ರೆ ಇನ್ನೊಂದು ತೊಂದರೆ: ಅದರ ಘಾಟು. ಒಗ್ಗರಣೆಗೆ ಒಂದು ಕಾಯಿ ಹೊತ್ತಿದ್ರೆ ಮನೆಮಂದಿ ಎಲ್ಲಾ ಕೆಮ್ಮುತ್ತೀವಿ. ಚೀಲಗಟ್ಟಲೆ ಉರಿದ್ರೆ ಆರಿಸೋಕೆ ಹತ್ತಿರ ಹೋಗೋದೇ ಕಷ್ಟ. ಆದ್ದರಿಂದ ಕಣದ ಪಕ್ಕ ತೊಟ್ಟು, ಕಸ, ಹರಕು ಚೀಲ ಗುಡ್ಡೆ ಹಾಕಿ ಸುಡೋದು, ಬೀಡಿ ಸೇದಿ ಎಸೆಯೋದು, ರಾತ್ರಿ ಕಾವಲಿಗೆ ಕೂತು ಚಳಿಗೆ ಬೆಂಕಿ ಕಾಯಿಸಿ ಕೆಂಡ ಆರಿಸದೆ ಮಲಗೋದು, ಇವೆಲ್ಲಾ ಸಣ್ಣ ತಪ್ಪಲ್ಲ.

ಇಲ್ಲಿ ಕ್ರಿಮಿನಲ್ ಕಾಯ್ದೆ ಬರುತ್ತೆ. 2024ರ ಜುಲೈ 1ರಿಂದ ಐಪಿಸಿ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿದೆ. ಅದರ 287ನೇ ಸೆಕ್ಷನ್ ಬೆಂಕಿಯ ನಿರ್ಲಕ್ಷ್ಯದ ಬಗ್ಗೆ. ಮನುಷ್ಯರ ಜೀವಕ್ಕೆ ಅಪಾಯ ಆಗೋ ಹಂಗೆ, ಅಥವಾ ಇನ್ನೊಬ್ಬರಿಗೆ ಗಾಯ ಆಗೋ ಸಾಧ್ಯತೆ ಇರೋ ಹಂಗೆ ಬೆಂಕಿಯನ್ನ ಬೇಜವಾಬ್ದಾರಿಯಿಂದ ಬಳಸಿದ್ರೆ 6 ತಿಂಗಳ ತನಕ ಜೈಲು, ಅಥವಾ 2,000 ರೂಪಾಯಿ ತನಕ ದಂಡ, ಅಥವಾ ಎರಡೂ. ಗಮನಿಸಬೇಕಾದ್ದು: ಯಾರಾದ್ರೂ ಸತ್ತಿರಬೇಕು, ಸುಟ್ಟಿರಬೇಕು ಅಂತೇನಿಲ್ಲ. ಅಪಾಯ ತಂದೊಡ್ಡಿದ್ರೆ ಸಾಕು. ನಿಮ್ಮ ಕೈಯಲ್ಲಿರೋ ಬೆಂಕಿಯಿಂದ ಯಾರ ಜೀವಕ್ಕೂ ಅಪಾಯ ಆಗದ ಹಂಗೆ ಬೇಕಾದ ಎಚ್ಚರಿಕೆ ತಗೊಳ್ಳದೇ ಇರೋದೂ ಅದೇ ಸೆಕ್ಷನ್‌ನಲ್ಲಿ ಬರುತ್ತೆ.

ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಒಂದು ಸ್ಪಷ್ಟ ಉದಾಹರಣೆ ಹೆದ್ದಾರಿ. ರಾಷ್ಟ್ರೀಯ ಹೆದ್ದಾರಿ 48 ಹಾವೇರಿ, ಮೋಟೆಬೆನ್ನೂರು, ರಾಣೆಬೆನ್ನೂರು ದಾಟಿ ಹೋಗುತ್ತೆ. ರಸ್ತೆ ಪಕ್ಕದ ಹೊಲದಲ್ಲಿ ಹಚ್ಚಿದ ಬೆಂಕಿಯ ಹೊಗೆ ಗಾಳಿಗೆ ರಸ್ತೆ ಮೇಲೆ ಬಂದ್ರೆ, ವೇಗವಾಗಿ ಬರೋ ಲಾರಿಯವನಿಗೆ ಮುಂದಿನ ಬೈಕು ಕಾಣೋದಿಲ್ಲ. ಹೊಲ ನಿಮ್ಮದೇ, ರವದಿ ನಿಮ್ಮದೇ. ಹೊಗೆ ಹೋಗಿದ್ದು ಮಾತ್ರ ಎಲ್ಲರ ರಸ್ತೆಗೆ.

ರಾಣೆಬೆನ್ನೂರು: ಚಿಗರಿ ಅಡವಿ ಮತ್ತು ಕಾಮಣ್ಣ

ಇನ್ನು "ಎಲ್ಲಿ ಸುಡ್ತೀರಿ" ಅನ್ನೋ ಪ್ರಶ್ನೆ. ಇದಕ್ಕೆ ರಾಣೆಬೆನ್ನೂರೇ ಸರಿಯಾದ ಜಾಗ. ಊರ ಹತ್ತಿರಾನೇ ಕೃಷ್ಣಮೃಗ ಅಭಯಾರಣ್ಯ ಇದೆ. 1974ರಲ್ಲಿ ಘೋಷಣೆ ಆಗಿದ್ದು, 119 ಚದರ ಕಿಲೊಮೀಟರ್. ಸುತ್ತ ಹೊಲ, ನಡುವೆ ಹುಲ್ಲುಗಾವಲು, ಕುರುಚಲು, ನೀಲಗಿರಿ ನೆಡುತೋಪು. ಫೆಬ್ರುವರಿಯಿಂದ ಮೊದಲ ಮಳೆ ತನಕ ಹುಲ್ಲು ಪೂರ್ತಿ ಒಣಗಿರುತ್ತೆ. ನೀಲಗಿರಿ ಎಲೆಯಲ್ಲಂತೂ ಎಣ್ಣೆ, ಹೊತ್ತಿಕೊಂಡ್ರೆ ಬೇಗ ಉರಿಯುತ್ತೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಸೆಕ್ಷನ್ ಬಲು ಚಿಕ್ಕದು. ಅಭಯಾರಣ್ಯಕ್ಕೆ ಯಾರೂ ಬೆಂಕಿ ಇಡುವಂತಿಲ್ಲ. ಅಭಯಾರಣ್ಯಕ್ಕೆ ಅಪಾಯ ಆಗೋ ರೀತಿ ಅದರೊಳಗೆ ಬೆಂಕಿ ಹೊತ್ತಿಸುವಂತಿಲ್ಲ, ಉರಿಯುತ್ತಾ ಬಿಟ್ಟು ಬರುವಂತಿಲ್ಲ. 2022ರ ತಿದ್ದುಪಡಿ ಆದ ಮೇಲೆ, ಈ ಕಾಯ್ದೆಯ ಸಾಮಾನ್ಯ ಉಲ್ಲಂಘನೆಗೆ 3 ವರ್ಷ ತನಕ ಜೈಲು, ಅಥವಾ 1 ಲಕ್ಷ ರೂಪಾಯಿ ತನಕ ದಂಡ, ಅಥವಾ ಎರಡೂ ಆಗಬಹುದು. ಗೆಳೆಯರ ಜೊತೆ ಬೈಕ್ ಹತ್ತಿ ಹೋಗಿ, ಒಳಗೆ ಕ್ಯಾಂಪ್‌ಫೈರ್ ಹಾಕಿ ರೀಲ್ಸ್ ಮಾಡೋ ಐಡಿಯಾ ಇದ್ದವರು ಈ ವಾಕ್ಯ ಇನ್ನೊಮ್ಮೆ ಓದಿ. ಬೆಂಕಿ ಬಿದ್ದಿದ್ದು ಯಾರೂ ನೋಡಲಿಲ್ಲ ಅಂತಾನೂ ಅಂದ್ಕೋಬೇಡಿ. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಉಪಗ್ರಹದಿಂದ ಕಾಡಿನ ಬೆಂಕಿ ಗುರುತಿಸಿ ಅರಣ್ಯ ಸಿಬ್ಬಂದಿಗೆ ಎಚ್ಚರಿಕೆ ಕಳಿಸುತ್ತೆ.

ದೊಡ್ಡ ಚಿಗರಿ ಓಡಿ ತಪ್ಪಿಸಿಕೊಳ್ಳುತ್ತೆ. ಮರಿ ಓಡೋದಿಲ್ಲ. ಹುಟ್ಟಿದ ಮೊದಲ ದಿನಗಳಲ್ಲಿ ಮರಿ ಅಲ್ಲಾಡದೆ ಹುಲ್ಲಲ್ಲಿ ಅಡಗಿ ಕೂರುತ್ತೆ, ಅದೇ ಅದರ ರಕ್ಷಣೆ. ನರಿ, ತೋಳಕ್ಕೆ ಆ ಉಪಾಯ ನಡೆಯುತ್ತೆ. ಬೆಂಕಿಗೆ ನಡೆಯೋದಿಲ್ಲ.

ಈಗ ಹಬ್ಬ. ರಾಣೆಬೆನ್ನೂರು ಅಂದ್ರೆ ಹೋಳಿ. ಜೀವಂತ ರತಿ-ಕಾಮಣ್ಣರನ್ನ ಕೂರಿಸಿ ನಗಿಸೋ ಆಟ ನೋಡೋಕೆ ಎಲ್ಲಿಂದೆಲ್ಲಿಂದಲೋ ಜನ ಬರ್ತಾರೆ. ಆಮೇಲೆ ಕಾಮದಹನ. "ಇದಕ್ಕೂ ದಂಡನಾ?" ಅಂತ ಕೇಳಬೇಡಿ. ಕಾಮದಹನದ ಕಟ್ಟಿಗೆ, ಕುಳ್ಳು ಕಸ ಅಲ್ಲ. ಮೊಹರಂ ಅಲಾವಿ ಕುಣಿಯ ಬೆಂಕಿ, ಜಾತ್ರೆಯ ಕೆಂಡವೂ ಕಸ ಅಲ್ಲ. ಕಸ ಸುಡೋ ನಿಷೇಧ ಇವಕ್ಕೆ ತಾಗೋದಿಲ್ಲ. ಆದರೆ ಅದೇ ರಾಶಿಗೆ ಹಳೆ ಟೈರು, ಪ್ಲಾಸ್ಟಿಕ್ ಕುರ್ಚಿ, ಫ್ಲೆಕ್ಸ್ ಹಾಕಿದ್ರೆ ಅದು ಕಸ ಸುಟ್ಟ ಹಂಗೇ. ಪ್ರತಿಭಟನೆಯಲ್ಲಿ ಟೈರ್ ಸುಡೋದಕ್ಕೂ ಇದೇ ಮಾತು. ಮತ್ತೆ ಕಾಮಣ್ಣನ ಹೆಸರಲ್ಲಿ ಕಟ್ಟಿಗೆ ಕದಿಯೋದು ಹಳೆ ರೂಢಿ, ನಾನೂ ಕದ್ದೀನಿ. ಅದಕ್ಕೆ ಕಾಯ್ದೆಯಲ್ಲಿ ವಿನಾಯಿತಿ ಏನಿಲ್ಲ; ಕಳಕೊಂಡವರು ನಕ್ಕು ಬಿಟ್ಟರೆ ಉಂಟು.

ರಾಶಿ ಒಟ್ಟೋ ಮುಂಚೆ ತಲೆ ಎತ್ತಿ ಮೇಲೆ ನೋಡಿ: ಕರೆಂಟ್ ವೈರು, ಕೇಬಲ್, ಮರದ ಟೊಂಗೆ ಇದೆಯಾ? ಹತ್ತಿರ ತಗಡಿನ ಅಂಗಡಿ, ಪೆಟ್ರೋಲ್ ಬಂಕ್, ಬಣವೆ ಇದೆಯಾ? ಎರಡು ಕೊಡ ನೀರು, ಒಂದು ಬುಟ್ಟಿ ಮರಳು ಇಟ್ಟುಕೊಳ್ಳಿ. ಕೊನೆಗೆ ಕೆಂಡ ಆರಿಸೋ ಜವಾಬ್ದಾರಿ ಯಾರದು ಅಂತ ಮೊದಲೇ ಹೆಸರು ಹಿಡಿದು ಹೇಳಿ. "ಎಲ್ಲಾರೂ ನೋಡ್ಕೋತಾರ" ಅಂದ್ರೆ ಯಾರೂ ನೋಡ್ಕೊಳ್ಳೋದಿಲ್ಲ.

ಬೆಂಕಿ ಕಂಡ್ರೆ ಏನು ಮಾಡಬೇಕು?

ಬೆಂಕಿ ಹರಡ್ತಿದೆ ಅಂದ್ರೆ ಮೊದಲು 112ಕ್ಕೆ ಫೋನ್ ಮಾಡಿ. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರಕ್ಕೂ ಅದೇ ನಂಬರ್. ಹಳೆಯ 101 ಅಗ್ನಿಶಾಮಕ ದಳದ್ದು. ಅರಣ್ಯದಲ್ಲಾದ್ರೆ ಅರಣ್ಯ ಇಲಾಖೆಯ ಸಹಾಯವಾಣಿ 1926.

ಫೋನಿನಲ್ಲಿ "ಬೇಗ ಬರ್ರಿ, ಬೆಂಕಿ ಬಿದ್ದೈತಿ" ಅಂತ ಕೂಗಿ ಇಟ್ಟುಬಿಡಬೇಡಿ. ಊರ ಹೆಸರು, ತಾಲ್ಲೂಕು, ಯಾವ ರಸ್ತೆಯಿಂದ ಎಷ್ಟು ಒಳಗೆ, ಗುರುತಿಗೆ ಗುಡಿ ಇದೆಯಾ, ಶಾಲೆ ಇದೆಯಾ, ದೊಡ್ಡ ಗಾಡಿ ಬರೋ ದಾರಿ ಯಾವುದು, ಹತ್ತಿರ ಕೆರೆ ಅಥವಾ ಬೋರ್‌ವೆಲ್ ಇದೆಯಾ, ಇಷ್ಟು ಹೇಳಿ. ಒಬ್ಬರು ಡಾಂಬರು ರಸ್ತೆಗೆ ಬಂದು ನಿಂತು ದಾರಿ ತೋರಿಸಿ. ವಿಡಿಯೊ ಆಮೇಲೆ ಮಾಡಿದ್ರಾಯ್ತು.

ಗಾಳಿ ಬೀಸೋ ಕಡೆಗೆ ಬೆಂಕಿಯ ಮುಂದೆ ಎಂದೂ ನಿಲ್ಲಬೇಡಿ. ದನ ಕಟ್ಟಿದ್ರೆ ಮೊದಲು ಕಣ್ಣಿ ಬಿಚ್ಚಿ. ಬಟ್ಟೆಗೆ ಬೆಂಕಿ ತಗುಲಿದ್ರೆ ಓಡಬೇಡಿ, ನೆಲಕ್ಕೆ ಬಿದ್ದು ಉರುಳಿ.

ಬೆಂಕಿ ಹರಡ್ತಿಲ್ಲ, ಆದರೆ ಓಣಿಯಲ್ಲಿ ದಿನಾ ಕಸ ಸುಡ್ತಾರೆ ಅಂದ್ರೆ ಜಗಳಕ್ಕೆ ಹೋಗಬೇಡಿ. ಮೊದಲು ಮಾತಾಡಿ, "ಅಣ್ಣಾರ, ಕೂಸಿಗೆ ಕೆಮ್ಮು ಐತ್ರಿ" ಅಂತ ಹೇಳಿ. ಬಹಳ ಸಲ ಅಷ್ಟರಲ್ಲೇ ಮುಗಿಯುತ್ತೆ. ಮುಗೀದಿದ್ರೆ ನಾನು ಆಗ ಹೇಳಿದ ಲಿಖಿತ ದೂರು.

ಸ್ಟೇಷನ್‌ಗೆ ಹೋಗಿದ್ದರೆ

ಈಗ ನನ್ನ ಲೆಕ್ಕ. ಕಾಕಾ ಆ ದಿನ ಪೊಲೀಸ್ ಸ್ಟೇಷನ್‌ಗೆ ಹೋಗಿದ್ದರೆ?

2021ರಲ್ಲಿ ಐಪಿಸಿ ಇತ್ತು. ಅದರ 435ನೇ ಸೆಕ್ಷನ್, ಹಾನಿ ಮಾಡುವ ಉದ್ದೇಶದಿಂದ ಅಥವಾ ಹಾನಿ ಆಗಬಹುದು ಅಂತ ಗೊತ್ತಿದ್ದೂ ಬೆಂಕಿ ಹಚ್ಚೋದರ ಬಗ್ಗೆ. ಶಿಕ್ಷೆ 7 ವರ್ಷ ತನಕ ಜೈಲು, ಜೊತೆಗೆ ದಂಡ. ಅದರಲ್ಲಿ ಒಂದು ವಿಶೇಷ ಇತ್ತು: ಬೇರೆ ಆಸ್ತಿಗೆ 100 ರೂಪಾಯಿ ಹಾನಿ ಆಗಿರಬೇಕು, ಕೃಷಿ ಉತ್ಪನ್ನಕ್ಕಾದ್ರೆ ಬರೇ 10 ರೂಪಾಯಿ ಸಾಕು. ಬ್ರಿಟಿಷರ ಕಾಲದ ಕಾಯ್ದೆಗೂ ಗೊತ್ತಿತ್ತು, ರೈತನ ಬಣವೆ ಅಂದ್ರೆ ಏನು ಅಂತ. ಈಗಿನ ನ್ಯಾಯ ಸಂಹಿತೆಯ 326ನೇ ಸೆಕ್ಷನ್‌ನಲ್ಲಿ ಆ ರೂಪಾಯಿ ಲೆಕ್ಕ ಇಲ್ಲ. ಕೃಷಿ ಉತ್ಪನ್ನ ಸೇರಿ ಯಾವುದೇ ಆಸ್ತಿಗೆ ಹೀಗೆ ಬೆಂಕಿಯಿಂದ ಹಾನಿ ಮಾಡಿದ್ರೆ 7 ವರ್ಷ ತನಕ ಜೈಲು ಮತ್ತು ದಂಡ.

ನನಗೆ ಹಾನಿ ಮಾಡುವ ಉದ್ದೇಶ ಇರಲಿಲ್ಲ. ಬರೇ ಅಜಾಗರೂಕತೆ ಆಗಿದ್ದರೆ, ಈ ಸೆಕ್ಷನ್ ಹಿಡಿಸೋದು ಕಷ್ಟ. ಸಿವಿಲ್ ಕೋರ್ಟಿನಲ್ಲಿ ನಷ್ಟ ತುಂಬಿಕೊಡು ಅಂತ ದಾವೆ ಹಾಕಬಹುದಿತ್ತು. ಆದರೆ "ಆಗಬಹುದು ಅಂತ ಗೊತ್ತಿದ್ದೂ" ಅನ್ನೋ ಮಾತಿದೆಯಲ್ಲ, ಅದು ನನ್ನನ್ನ ಈಗಲೂ ಚುಚ್ಚುತ್ತೆ. ಗಾಳಿ ಇದೆ, ತಡಿ ಅಂತ ಕಾಕಾ ಬಾಯಿಬಿಟ್ಟು ಹೇಳಿದ್ರು. ಬಣವೆ ನನ್ನ ಕಣ್ಣೆದುರಿಗೇ ಇತ್ತು. "ಗೊತ್ತಿರಲಿಲ್ಲ ಸಾಹೇಬ್ರ" ಅಂತ ನಾನು ಹೇಗೆ ಹೇಳಬಹುದಿತ್ತು?

ಹಂಗಾಗಿ "ನಮ್ಮ ಹೊಲ, ನಮ್ಮ ಬೆಂಕಿ, ಯಾರು ಕೇಳ್ತಾರ?" ಅಂದ್ರೆ ನನ್ನ ಉತ್ತರ ಇದು. ಓಣಿಯಲ್ಲಿ ಕಸ ಸುಟ್ಟರೆ ನಗರಸಭೆ ಕೇಳಬಹುದು. ಅಭಯಾರಣ್ಯದಲ್ಲಾದ್ರೆ ಅರಣ್ಯ ಇಲಾಖೆ ಕೇಳುತ್ತೆ. ಯಾರದಾದ್ರೂ ಜೀವಕ್ಕೆ ಬಂದ್ರೆ ಪೊಲೀಸರು ಕೇಳ್ತಾರೆ. ಒಡ್ಡು ದಾಟಿದ್ರೆ ಪಕ್ಕದ ಹೊಲದವರು ಕೇಳ್ತಾರೆ, ಆ ಪ್ರಶ್ನೆಗೆ ಉತ್ತರ ಕೊಡೋದೇ ಎಲ್ಲಕ್ಕಿಂತ ಕಷ್ಟ.

ಮರುವರ್ಷದಿಂದ ನಾವು ಮಲ್ಚರ್ ಬಾಡಿಗೆಗೆ ತರ್ತೀವಿ. ಮೊದಲ ವರ್ಷ ಅಪ್ಪ ಖರ್ಚಿನ ಬಗ್ಗೆ ಗೊಣಗಿದ್ರು, ಈಗಲೂ ಒಮ್ಮೊಮ್ಮೆ ಗೊಣಗ್ತಾರೆ. ಕಾಕಾ ಬಣವೆ ಒಟ್ಟೋ ಜಾಗ ಬದಲಿಸಿದ್ದಾರೆ, ನಮ್ಮ ಒಡ್ಡಿನಿಂದ ದೂರ. ನನ್ನ ಜೊತೆ ಮೊದಲಿನ ಹಂಗೇ ಮಾತಾಡ್ತಾರೆ. ಆ ಬಣವೆ ಹೊಸ ಜಾಗದಲ್ಲಿ ಕಂಡಾಗೆಲ್ಲ ನನಗೆ ಆ ಮಧ್ಯಾಹ್ನ ನೆನಪಾಗುತ್ತೆ.

ನಿಮ್ಮ ಊರಲ್ಲಿ ರವದಿ ಏನು ಮಾಡ್ತೀರಿ? ಸುಡದೆ ನಿಭಾಯಿಸಿದವರಿದ್ದರೆ, ಖರ್ಚು ಎಷ್ಟು ಬಂತು, ಯಂತ್ರ ಎಲ್ಲಿ ಸಿಕ್ತು ಅಂತ ಒಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಕೇಳಿಸೋಣ. ಮತ್ತೆ ಆ 30 ಸಾವಿರದ ಫಾರ್ವರ್ಡ್ ಬಂದ್ರೆ ಇದನ್ನ ಕಳಿಸಿ.

ಬರ್ತೀನಿ. ಬೆಂಕಿ ಜೋಪಾನ.